ಅಂಚಿನಲ್ಲಿ ಮಡಚಿಟ್ಟ ಅಮ್ಮ

"ಈ ಫೋಟೋ ಇಲ್ಲಿ ಬೇಡ ಅಂದ್ರೆ ಬೇಡ!" ಮಗಳು ಹೂವುಗಳ ನಡುವಿನಿಂದ ಚೌಕಟ್ಟನ್ನು ಎತ್ತಿಕೊಂಡೇ ಬಿಟ್ಟಳು.

"ಅಯ್ಯೋ, ಇರೋದೇ ಅದೊಂದು ಕಣೇ. ಗುರುತಿನ ಚೀಟಿಗೆ ತೆಗೆಸಿದ್ದು," ದೊಡ್ಡಮ್ಮ ಅಡ್ಡ ಬಂದಳು.

"ನೀನೇ ನೋಡು ದೊಡ್ಡಮ್ಮ. ಯಾರನ್ನೋ ನುಂಗೋ ಹಾಗೆ ಕೂತಿದಾಳೆ. ಇದು ಅಮ್ಮನಾ?"

ದೊಡ್ಡಮ್ಮ ನೋಡಿದಳು. ತಂಗಿಯ ಶವದ ಪಕ್ಕದಲ್ಲೇ ನಗು ಉಕ್ಕಿ, ಅಂಗೈ ಬಾಯಿಗೆ ಹೋಯಿತು.

ಊರಿನ ಅರ್ಧ ಮದುವೆಗಳ ವಿಡಿಯೋ ಕತ್ತರಿಸಿ ಜೋಡಿಸಿದವಳು ಅಮ್ಮ. ಎಲ್ಲರಿಗೂ ಕತ್ತರಿ ಅಕ್ಕ. ಕ್ಯಾಮೆರಾ ಹಿಡಿಯುವವಳೂ ಅವಳೇ ಆದ್ದರಿಂದ ಒಂದು ವಿಡಿಯೋದಲ್ಲೂ ಅವಳಿಲ್ಲ. ಮಧ್ಯಾಹ್ನ ಸಭಾಂಗಣದಲ್ಲಿ, ಬೀಳ್ಕೊಡುವ ಮುನ್ನ, ತೆರೆಯ ಮೇಲೆ ಅಮ್ಮನನ್ನು ತೋರಿಸುತ್ತೇನೆಂದು ಮಗಳು ಊರಿಗೆಲ್ಲ ಹೇಳಿಬಿಟ್ಟಿದ್ದಳು. ತೋರಿಸಲು ಅಮ್ಮನೇ ಸಿಗುತ್ತಿಲ್ಲ.

ಒಳಕೋಣೆಯ ಕಂಪ್ಯೂಟರಿನ ಮುಂದಿನಿಂದ ಅಮ್ಮನ ಪಾಲುದಾರ ಗುಂಡಣ್ಣ ಕೂಗಿದ: "ಹುಡುಕಿ ಸಾಕಾಯ್ತು ಪುಟ್ಟಿ! ನಿಮ್ಮಮ್ಮ ಮಹಾ ಚಾಲಾಕಿ. ತಾನು ಬರೋ ಕಡೆಯೆಲ್ಲಾ ಕಚಕ್ ಅನ್ನಿಸಿದಾಳೆ."

ಮಗಳು ಥಟ್ಟನೆ ನಿಂತಳು.

*

ಚಿಕ್ಕವಳಿದ್ದಾಗ, ಶಾಲೆ ಬಿಟ್ಟರೆ ಅವಳ ಜಾಗ ಅಮ್ಮನ ಕುರ್ಚಿಯ ತೋಳು. ತೆರೆಯ ಮೇಲೆ ತುಣುಕುಗಳು ರೈಲು ಡಬ್ಬಿಗಳ ಹಾಗೆ ಸಾಲಾಗಿ ನಿಂತಿರುತ್ತಿದ್ದವು. ಎರಡು ತುಣುಕು ಕೂಡುವ ಗೆರೆಯನ್ನು ಅಮ್ಮ ಮೌಸಿನಿಂದ ಕೂದಲಿನಷ್ಟು ಆಚೆ ಎಳೆದು, ಮತ್ತೆ ಕೂದಲಿನಷ್ಟು ಈಚೆ ತರುತ್ತಿದ್ದಳು.

"ಮದುಮಗಳು ಕಣ್ಣೆತ್ತುತಿದಾಳೆ ನೋಡು. ಪೂರ್ತಿ ಎತ್ತೋಕೆ ಬಿಡಬಾರದು. ಅಷ್ಟರಲ್ಲೇ ಈ ಮದುಮಗನ ಮುಖಕ್ಕೆ ಹಾರಬೇಕು. ಆಗ ಇವನನ್ನೇ ನೋಡಿದ ಹಾಗಿರುತ್ತೆ."

"ನಿಜವಾಗ್ಲೂ ಇವನನ್ನೇ ನೋಡಿದ್ಲಾ?"

"ಎಲ್ಲಿ! ಊಟದ ಕಡೆ ನೋಡ್ತಿದ್ಲು."

ಇಬ್ಬರೂ ಬಿದ್ದು ಬಿದ್ದು ನಕ್ಕರು.

"ಕತ್ತರಿಸಿದ್ದು ಎಲ್ಲಿಗೆ ಹೋಗುತ್ತಮ್ಮ?"

"ಎಲ್ಲಿಗೂ ಹೋಗಲ್ಲ. ನಿನ್ನ ಲಂಗದ ಅಂಚು ಮಡಚಿ ಹೊಲಿದಿಲ್ವಾ, ಹಾಗೆ. ಹಿಡಿದು ಎಳೆದ್ರೆ ಬರುತ್ತೆ."

*

"ಮಾಮಾ, ಮುಗಿದ ವಿಡಿಯೋ ಮುಚ್ಚಿ! ಅಮ್ಮ ಕೂತು ಕತ್ತರಿಸಿದ ಫೈಲೇ ತೆಗೀರಿ!"

ಗುಂಡಣ್ಣ ತೆರೆದ. ಮಗಳು ಮೊದಲ ತುಣುಕಿನ ಅಂಚು ಹಿಡಿದು ಎಡಕ್ಕೆ ಎಳೆದಳು. ಮದುವೆಗೆ ಮುಂಚೆ, ಕ್ಯಾಮೆರಾ ಸ್ಟ್ಯಾಂಡಿನ ಮೇಲಿಟ್ಟು ತೆಗೆದ ಖಾಲಿ ವೇದಿಕೆ ಬಂತು. ಇನ್ನಷ್ಟು ಎಳೆದಳು. ಅಜ್ಜಿಕತೆಯಲ್ಲಿ ಹಣ್ಣು ಸೀಳಿದೊಡನೆ ಹುಡುಗಿ ಹೊರಬರುವಂತೆ, ಅಂಚಿನೊಳಗಿನಿಂದ ಅಮ್ಮ ನಡೆದು ಬಂದಳು!

"ಬೆಳಕು ಸಾಲದು ಕಣೋ ಗುಂಡ, ನಿನ್ನ ಬೋಳು ತಲೆ ಈ ಕಡೆ ತಿರುಗಿಸು," ಎಂದು ನಾಲಿಗೆ ಚಾಚಿದಳು.

"ಸತ್ತ ಮೇಲೂ ಬಿಡಲ್ವಲ್ಲೇ!" ಗುಂಡಣ್ಣ ಅಳುತ್ತ ಮೇಜು ಗುದ್ದಿದ.

ಮುಂದಿನ ಮದುವೆ ಎಳೆದರು. ಅಮ್ಮ ಮದುಮಗನ ಕುರ್ಚಿಯಲ್ಲಿ ಕೂತು ಮೀಸೆ ತಿರುವುವ ನಟನೆ ಮಾಡುತ್ತಿದ್ದಾಳೆ. ಮತ್ತೊಂದರಲ್ಲಿ ಯಾರೂ ಇಲ್ಲದ ವೇದಿಕೆಯ ಮೇಲೆ ಒಬ್ಬಳೇ ಕುಣಿಯುತ್ತಿದ್ದಾಳೆ. ದೊಡ್ಡಮ್ಮ ಓಡಿ ಬಂದು ಮಗಳ ಭುಜ ಅಲುಗಾಡಿಸಿದಳು: "ಇನ್ನೊಂದು ಎಳೆಯೇ! ಇನ್ನೊಂದು!"

ಹೊರಗೆ ಅಮ್ಮನನ್ನು ಸಭಾಂಗಣಕ್ಕೆ ಒಯ್ಯಲು ಬಂದ ವಾಹನ ಹಾರ್ನ್ ಹಾಕಿತು. ಯಾರೋ ಬಾಗಿಲಲ್ಲಿ ತಲೆಯಿಟ್ಟು, "ಹೊತ್ತಾಯ್ತಂತೆ," ಎಂದರು.

"ಕಾಯೋಕೆ ಹೇಳಿ," ದೊಡ್ಡಮ್ಮ ಗದರಿದಳು. "ನನ್ನ ತಂಗಿ ಈಗ ತಾನೇ ಬಂದಿದಾಳೆ."

ಕೊನೆಯ ತುಣುಕಿನಲ್ಲಿ ಅಮ್ಮ ಲೆನ್ಸಿನ ಕಡೆಗೇ ಬರುತ್ತಿದ್ದಳು.

"ಇಲ್ಲಿಗೆ ಕತ್ತರಿಸು, ಮುಖ ಮಸುಕಾಗುತ್ತೆ," ಎಂದ ಗುಂಡಣ್ಣ.

ಮಗಳು ಗೆರೆಯನ್ನು ಕೂದಲಿನಷ್ಟು ಮುಂದಕ್ಕೆ ಸರಿಸಿದಳು. ಇನ್ನೂ ಒಂದು ಕೂದಲು. "ಬರ್ಲಿ ಮಾಮಾ. ಹತ್ತಿರ ಬರ್ಲಿ."

*

ಸಭಾಂಗಣದಲ್ಲಿ ದೀಪ ಆರಿತು. ಅಮ್ಮ ಗದರಿದಳು, ಮೀಸೆ ತಿರುವಿದಳು, ಕುಣಿದಳು. ನಗುವೂ ಬಿಕ್ಕೂ ಕತ್ತಲಲ್ಲಿ ಒಂದಕ್ಕೊಂದು ಡಿಕ್ಕಿ ಹೊಡೆದವು. ಕೊನೆಗೆ ಅವಳು ನೇರ ಬಂದು, ತೆರೆಯ ತುಂಬ ಮುಖವಾಗಿ, ಕ್ಯಾಮೆರಾದೊಳಗೆ ನೋಡುವವಳ ಹಾಗೆ ಒಂದು ಕಣ್ಣು ಕಿರಿದು ಮಾಡಿ ಇಣುಕಿದಳು.

"ಎಲ್ಲರೂ ಇದೀರಾ?"

ಸರಸರ ಸದ್ದಾಯಿತು. ಯಾರೋ ಕಾಲರ್ ಸರಿಮಾಡಿಕೊಂಡರು. ಯಾರೋ ಒದ್ದೆ ಕೆನ್ನೆ ಒರೆಸಿ ಕೂದಲು ಹಿಂದಕ್ಕೆ ತಳ್ಳಿದರು. ಗಂಡಂದಿರು ಹೆಂಡತಿಯರ ಪಕ್ಕಕ್ಕೆ ಒತ್ತರಿಸಿ ಕೂತರು. ಸಾಲು ಸಾಲಾಗಿ ಎಲ್ಲರೂ ಬೆನ್ನು ನೆಟ್ಟಗೆ ಮಾಡಿ, ಗಲ್ಲ ಎತ್ತಿ, ಅವಳತ್ತ ನೋಡಿ ನಕ್ಕರು.