ಎರಡು ಏಟು, ಜಾಗ ಬಿಡಬೇಡ

ನನ್ನ ಮಗ ಅಫ್ಸರ ಇಳಕಲ್ಲಿನಲ್ಲಿ ಹಗಲು ಗ್ರಾನೈಟ್ ಪಾಲಿಶ್ ಮಾಡುತ್ತಿದ್ದ, ಸಂಜೆ ಹುಡುಗಿಯರಿಗೆ ರಗ್ಬಿ ಕಲಿಸುತ್ತಿದ್ದ. ಊರಿನ ಅರ್ಧ ಕಲ್ಲು ಪುಡಿಯಾಗಿ ಅವನ ಎದೆಯೊಳಗೇ ಕೂತಿತ್ತು. ನಾನು ಹಾಗೆಂದರೆ, ಅಜ್ಜಿಯನ್ನು ದಾದಿ ಎಂದು ಕರೆಯುವ ಅವನ ಮಗಳು ಆಫ್ರೀನ, "ದಾದಿ ಮಾತ ಅರ್ಧಾ ಮಾಡಿ ಕೇಳಬೇಕ" ಎನ್ನುತ್ತಿದ್ದಳು. ಆದರೆ ಡಾಕ್ಟರು ಹೇಳಿದ್ದೂ ಹೆಚ್ಚುಕಡಿಮೆ ನಾನಂದದ್ದನ್ನೇ.

ಸೀಟಿ ಊದಲು ಉಸಿರು ಸಾಲದಾದಾಗ ಅಫ್ಸರ ಎರಡು ಗ್ರಾನೈಟ್ ಚೂರು ತಂದ. ಅಂಚಿಗೆ ಅಂಚು ತಾಗಿಸಿ ಹೊಡೆದರೆ ಗಂಟೆಯಂತೆ ಠಣ್ ಎನ್ನುತ್ತಿತ್ತು. ಒಂದು ಏಟಿಗೆ ಸಾಲು ಮುಂದೆ ನುಗ್ಗಬೇಕು, ಎರಡು ಏಟಿಗೆ ಜಾಗ ಬಿಡದೆ ನಿಲ್ಲಬೇಕು. ಆ ಸದ್ದು ಹತ್ತು ಹರದಾರಿ ಆಚೆಯ ಬನಶಂಕರಿ ಗುಡಿ ತನಕ ಕೇಳಿಸುತ್ತದೆ ಎಂದು ನಾನು ಓಣಿಗೆಲ್ಲ ಸಾರಿದ್ದೆ. ಒಮ್ಮೆ ನಾನೂ ಹೊಡೆದು ನೋಡಿದೆ. ಸೊಟ್ಟಗಾದ ಬೆರಳಿಗೆ ಅಂಚು ಸಿಗದೆ ಡಬ್ ಎಂದಿತು.

"ಸಗಣಿ ಕುಳ್ಳ ತಟ್ಟಾಕತ್ತೀಯೇನ ದಾದಿ?"

"ತಟ್ಟತೇನಿ, ನಿನ್ನ ಬೆನ್ನ ಮ್ಯಾಲೆ."

ಆ ಆಟದಲ್ಲಿ ಚೆಂಡು ಹಿಡಿದವಳು ಬಿದ್ದರೆ ಅವಳ ಮೇಲೆ ಎರಡೂ ಕಡೆಯವರು ಮುಗಿಬಿದ್ದು ಗುಡ್ಡೆಯಾಗುತ್ತಾರೆ. ಗುಡ್ಡೆಯ ಹಿಂದಿನಿಂದ ಚೆಂಡು ಎತ್ತಿಕೊಂಡು ಎದುರಿನವಳು ಪಕ್ಕದ ಸಂದಿಯಲ್ಲೇ ನುಗ್ಗುತ್ತಾಳೆ. ಆ ಸಂದಿಯ ಕಾವಲು ಆಫ್ರೀನಳದು. ಆದರೆ ಗೆಳತಿ ಸುನಿತಾ ಗುಡ್ಡೆಯ ಅಡಿ ಸಿಕ್ಕಿಬಿದ್ದರೆ ಸಾಕು, ಇವಳು ಜಾಗ ಬಿಟ್ಟು ಎತ್ತಲು ಓಡುತ್ತಿದ್ದಳು.

"ಬಿದ್ದಾಕಿನ್ನ ನೋಡಬ್ಯಾಡ," ಅಫ್ಸರ ಮೊಣಕಾಲಿಗೆ ಕೈ ಊರಿ, ಉಸಿರು ಎಳೆದೆಳೆದು ಹೇಳುತ್ತಿದ್ದ. "ಗುಡ್ಡಿ ಮಗ್ಗಲಕ್ಕ ಹತ್ತಿ ನಿಂದ್ರು. ಸೊಂಟ ಕೆಳಗ, ಕಣ್ಣ ಮುಂದ. ಚೆಂಡ ಎತ್ತಿದಾಕಿ ತೊಡಿ ಹಿಡದ ಕೆಡವು."

"ಸುನಿತಾ ಸತ್ತರ?"

"ಸಾಯಂಗಿಲ್ಲ. ನೀ ಜಾಗಾ ಬಿಟ್ಟರ ಎಲ್ಲಾರೂ ಸಾಯ್ತೇವಿ."

ಬಾಗಲಕೋಟೆಯಲ್ಲಿ ಪಂದ್ಯವಿತ್ತು. ಬರಬೇಡ ಎಂದರೂ ಅಫ್ಸರ ಬಂದು, ಕಲ್ಲುಗಳನ್ನು ನಡುವೆ ಇಟ್ಟು ಮೈದಾನದ ಅಂಚಿನಲ್ಲಿ ನನ್ನ ಬಳಿ ಕೂತ. ಆಟ ಮುಗಿಯುವ ಹೊತ್ತಿಗೆ ನಾವು ಮುಂದಿದ್ದರೂ ಎದುರಾಳಿಗಳು ನಮ್ಮ ಗೆರೆಯ ಹತ್ತಿರವೇ ಬಂದಿದ್ದರು; ಅದನ್ನು ದಾಟಿದರೆ ಗೆಲುವು ಅವರದು. ಗುಡ್ಡೆ ಬಿತ್ತು. ಅದೇ ಗಳಿಗೆಯಲ್ಲಿ ಅಫ್ಸರ ಪಕ್ಕಕ್ಕೆ ವಾಲಿ ನೆಲಕ್ಕೆ ಬಿದ್ದ.

ಆಫ್ರೀನ ನೋಡಿದಳು. ಅವಳ ಕಾಲು ಎದ್ದಿತು.

ಠಣ್, ಠಣ್.

ಎದ್ದ ಕಾಲು ಅಲ್ಲೇ ಇಳಿಯಿತು. ಅವಳು ಮುಖ ತಿರುಗಿಸಿ ಸೊಂಟ ಬಗ್ಗಿಸಿದಳು. ಎಮ್ಮೆಯಂಥ ಹುಡುಗಿಯೊಬ್ಬಳು ಸಂದಿಗೆ ನುಗ್ಗಿದಳು. ಆಫ್ರೀನ ಅವಳ ತೊಡೆ ತಬ್ಬಿ ಗೆರೆಯ ಈಚೆಗೇ ಕೆಡವಿದಳು. ಆಟ ಮುಗಿದ ಸೀಟಿ ಕೇಳಿಸಿತು. ಗೆದ್ದವರೆಲ್ಲ ಕುಣಿಯುವಾಗ ಅವಳು ನಮ್ಮ ಕಡೆ ಓಡಿಬಂದಳು. ಅಷ್ಟರಲ್ಲಿ ಅವಳಪ್ಪನ ಕಣ್ಣು ಮುಚ್ಚಿತ್ತು. ದವಾಖಾನೆಯ ದಾರಿಯಲ್ಲೇ ಅವನು ಹೋದ.

ಮಣ್ಣು ಮಾಡಿ ಬಂದ ಜನ ಚದುರಿದ ಮೇಲೆ ಆಫ್ರೀನ ಆ ಕಲ್ಲುಗಳನ್ನು ನನ್ನ ಮುಂದೆ ಇಟ್ಟಳು.

"ಹೊಡದಾವರ ಯಾರ?"

"ನಿಮ್ಮ ಅಬ್ಬಾ. ಬಿದ್ದಲ್ಲಿಂದನ ನಿನ್ನ ನೋಡಿದ, ಹೊಡದ."

"ಸುಳ್ಳ. ನೀ ಹೊಡದಿ. ಮ್ಯಾಚ್ ಹೋಗಬಾರದಂತ ಹೊಡದಿ. ಅಬ್ಬಾಗ ನಾ ಬೇಕಾಗಿದ್ನೇನೋ, ನಾ ಅಲ್ಲೇ ನಿಂತೆ."

"ಖರೇನ ಹೇಳ್ತೇನಿ."

"ಬನಶಂಕರಿ ತನಕ ಕೇಳಸ್ತದ ಅನ್ನಾಕಿ ನೀ."

ಜೀವಮಾನವಿಡೀ ಸಾಸಿವೆಯನ್ನು ಗುಡ್ಡ ಮಾಡಿ ಹಂಚಿದವಳು ನಾನು. ಈಗ ಒಂದೇ ಒಂದು ಸಾಸಿವೆಯಷ್ಟು ಖರೆ ಹಿಡಿದು ಕೂತರೆ ಕೊಳ್ಳುವವರಿಲ್ಲ.

ಅವಳು ಕಲ್ಲುಗಳನ್ನು ನನ್ನ ಕೈಗೆ ತುರುಕಿದಳು. "ಹೊಡಿ ಹಂಗಾರ."

ಹೊಡೆದೆ. ಡಬ್.

"ಜೋರ ಹೊಡಿ."

ಇದ್ದ ಶಕ್ತಿಯನ್ನೆಲ್ಲ ಹಾಕಿ ಹೊಡೆದೆ. ಬೆರಳಿನ ಚರ್ಮ ಸುಲಿಯಿತು. ಡಬ್. ಮತ್ತೆ ಹೊಡೆದೆ. ಡಬ್.

ಅವಳು ನನ್ನ ಕೈ ಹಿಡಿದು ನಿಲ್ಲಿಸಿದಳು. ಬೆರಳಿನ ರಕ್ತವನ್ನು ತನ್ನ ಓಢಣಿಯಿಂದ ಒರೆಸಿದಳು.

"ಅಬ್ಬಾ ನನ್ನ ನೋಡ್ಯಾನ," ಎಂದಳು. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಒಡೆಯಿತು.

"ನಿಂದ್ರು ಅಂದಾವ ಅವನ," ಎಂದೆ.

ಆ ಮಾತನ್ನು ಅವಳು ಅರ್ಧ ಮಾಡಿ ಕೇಳಲಿಲ್ಲ.