ಊಟದ ಮೇಜಿನ ಮೇಲಿನ ಸೀಮೆ

ರೈಲು ಹಳಿ ಬದಲಿಸುವ ಕೆಲಸ ಮುಗಿಸಿ ಬಂದ ಪಾಯಿಂಟ್ಸ್‌ಮನ್ ಬುತ್ತಿ ಡಬ್ಬಿ ಹಿಡಿದುಕೊಂಡು ಮೇಜಿನ ಮುಂದೆ ನಿಂತೇ ಇದ್ದ. ಇಡಲು ಜಾಗವಿರಲಿಲ್ಲ. ಬೆಳಿಗ್ಗೆ ಹೋಗುವಾಗ ಬರಿದಾಗಿದ್ದ ಊಟದ ಮೇಜಿನ ಮೇಲೆ ಈಗ ಒಂದು ಸೀಮೆಯೇ ಹರಡಿಕೊಂಡಿತ್ತು. ಬೆಟ್ಟ, ಹೊಳೆ, ಕಾಡು, ಅಂಚಿಗೆ ನೀಲಿ ಸಮುದ್ರ, ನಡುನಡುವೆ ಬೆರಳ ತುದಿಯಷ್ಟಗಲದ ಊರುಗಳು. ಬದಿಯಲ್ಲಿ ಕೆಂಪು ಮತ್ತು ನೀಲಿ ಬಣ್ಣದ ಮರದ ಬಂಡಿಗಳು, ಧಾನ್ಯವೆಂದು ಹಳದಿ ಕಾಳು, ಉಪ್ಪೆಂದು ಬಿಳಿ ಕಾಳು. ಅದರ ಪಕ್ಕದಲ್ಲಿ, ಕೋರ್ಟಿನ ಕಾಗದದಷ್ಟು ಸಣ್ಣ ಅಕ್ಷರಗಳ ನಿಯಮದ ಪುಸ್ತಕ.

"ಏನೇ ಇದು?"

ಹೆಂಡತಿ ಕನ್ನಡಿಯ ಮುಂದೆ ಕೂದಲಿಗೆ ಪಿನ್ನು ಸಿಕ್ಕಿಸಿಕೊಳ್ಳುತ್ತಿದ್ದಳು. ಆಸ್ಪತ್ರೆಯ ಬಿಳಿ ಕೋಟು ತೋಳಿನ ಮೇಲಿತ್ತು. "ಬೀರು ಮೇಲಿಂದ ಪೆಟ್ಟಿಗೆ ಇಳಿಸೋಕೆ ಹೋದೆ. ತಮ್ಮ ಕೊಟ್ಟಿದ್ದ ಆ ಆಟ ತಲೆ ಮೇಲೆ ಬಿತ್ತು. ಎಲ್ಲ ಚೆಲ್ಲಾಪಿಲ್ಲಿ. ಹೇಗಿತ್ತೋ ಹಾಗೆ ತುಂಬೋಕೆ ಬರ್ಲಿಲ್ಲ ನೋಡಿ, ಜೋಡಿಸಿದ್ರೆ ಏನೇನು ಕಳ್ದಿದೆ ಗೊತ್ತಾಗುತ್ತೆ ಅಂತ ಜೋಡಿಸ್ದೆ. ಅಷ್ಟರಲ್ಲಿ ಹೊತ್ತಾಯ್ತು. ಊಟ ಒಲೆ ಮೇಲಿದೆ."

ಯಾವ ಪೆಟ್ಟಿಗೆ ಎಂದು ಅವನು ಕೇಳಲಿಲ್ಲ. ಆಟ ಬಿಟ್ಟರೆ ಬೀರುವಿನ ಮೇಲಿದ್ದದ್ದು ಒಂದೇ ಪೆಟ್ಟಿಗೆ, ಪರಸ್ಥಳಕ್ಕೆ ಹೋಗುವಾಗ ಬಟ್ಟೆ ತುಂಬುವುದು.

ಬೇರೊಂದು ಊರಿನ ದೊಡ್ಡಾಸ್ಪತ್ರೆಯಲ್ಲಿ ಅವಳಿಗೆ ಹಿರಿಯ ನರ್ಸಿನ ಕೆಲಸ ಬಂದಿತ್ತು. ಹಗಲು ಡ್ಯೂಟಿ ಮಾತ್ರ, ಇರಲು ಅಲ್ಲೇ ಒಂದು ಕೋಣೆ. ತಿಂಗಳ ಕೊನೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಆ ಸುದ್ದಿಯನ್ನು ಅವಳು ಹೇಳಿದ್ದು ಹೀಗೇ ಒಂದು ಸಂಜೆ, ಚಪ್ಪಲಿ ಮೆಟ್ಟುತ್ತಾ. ಹೇಳಿ, ಬಾಗಿಲ ಚಿಲಕದ ಮೇಲೆ ಕೈಯಿಟ್ಟು, ಸ್ವಲ್ಪ ಹೆಚ್ಚೇ ಹೊತ್ತು ನಿಂತಿದ್ದಳು. ಅವನು ಯೋಚಿಸಿ, "ನಿನಗೆ ಹೇಗೆ ಅನ್ಸುತ್ತೋ ಹಾಗೆ ಮಾಡು" ಅಂದಿದ್ದ. ಅವಳು ತಲೆಯಾಡಿಸಿ ಹೋಗಿದ್ದಳು. ಅಲ್ಲಿಂದೀಚೆಗೆ ಆ ಮಾತು ಇಬ್ಬರ ನಡುವೆ ಬಂದಿರಲಿಲ್ಲ.

ಒಬ್ಬರು ಬಂದರೆ ಒಬ್ಬರು ಹೊರಡುವುದು ಆ ಮನೆಯ ಹಳೇ ಏರ್ಪಾಡು. ಮಗಳು ಕೂಸಾಗಿದ್ದಾಗ ನೋಡಿಕೊಳ್ಳಲು ಬೇರೆ ಜನವಿರಲಿಲ್ಲ. ಇವನು ರೈಲ್ವೆ ಯಾರ್ಡಿನ ಹಗಲು ಪಾಳಿ ಹಿಡಿದ, ಅವಳು ವಾರ್ಡಿನ ರಾತ್ರಿ ಪಾಳಿ ಹಿಡಿದಳು. ಕೂಸು ಒಂದು ಗಳಿಗೆಯೂ ಒಂಟಿಯಾಗಲಿಲ್ಲ. ಬೆಳೆದಳು, ಓದಿದಳು, ಮದುವೆಯಾಗಿ ತನ್ನ ಮನೆಗೆ ಹೋದಳು. ಪಾಳಿ ಮಾತ್ರ ಹಾಗೇ ಉಳಿಯಿತು. ತೊಟ್ಟಿಲು ಬಿಚ್ಚಿದ ಮೇಲೂ ತೂಗುವ ಕೈ ನಿಲ್ಲದಿದ್ದರೆ ಹೇಗೋ ಹಾಗೆ. ಬದಲಾಯಿಸಿಕೊಳ್ಳಬಹುದಿತ್ತು. ಯಾರು ಮೊದಲು ಕೇಳಬೇಕು ಎಂಬುದರಲ್ಲೇ ವರ್ಷಗಳು ಸರಿದುಹೋದವು.

ಅಂದು ಅವನು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡ. ಉಣ್ಣುತ್ತಾ ಆ ಸೀಮೆಯನ್ನು ನೋಡಿದ. ಬಾಮೈದ ಇದನ್ನು ತಂದುಕೊಟ್ಟಾಗ ಪುಸ್ತಕದ ಗಾತ್ರ ನೋಡಿಯೇ ಇಬ್ಬರೂ ಕೈಮುಗಿದಿದ್ದರು. ಮೇಷ್ಟ್ರಾಗಿದ್ದ ಬಾಮೈದ ಸೋಲದೆ, "ಭಾವ, ಇದು ತೆಂಗಿನಕಾಯಿ ಇದ್ದ ಹಾಗೆ. ಹೊರಗಿನ ನಾರು ನೋಡಿ ಬಿಟ್ಟವನು ಕೆಟ್ಟ" ಅಂದಿದ್ದ. ಈಗ ಕೈತೊಳೆದು ಬಂದು ಮೊದಲ ಪುಟ ತೆರೆದ. ಒಂದು ಸಲಕ್ಕೆ ಒಂದು ಬಂಡಿ ಸರಿಸಬೇಕು. ಒಂದು ಊರಿಗೆ ಏನಾದರೂ ಕೊಡಬೇಕು. ಊರು ಹಸಿದರೆ ಮಗುಚಿ ಬೀಳುತ್ತದೆ. ಮೊದಲು ಸಮುದ್ರ ಮುಟ್ಟಿದವರು ಗೆದ್ದ ಹಾಗೆ. ಇಷ್ಟೇನಾ ಅನ್ನಿಸಿತು. ಮೇಲಿನ ಸೇತುವೆಯಿಂದ ನೋಡಿದವರಿಗೆ ಯಾರ್ಡೂ ಹೀಗೇ, ಹೆಣೆದುಕೊಂಡ ಹಾವುಗಳ ಹಾಗೆ ಕಾಣುತ್ತದೆ. ಕೆಳಗಿಳಿದು ನಿಂತವನಿಗೆ ಒಂದೊಂದು ಹಳಿಯೂ ಹೇಳುವುದು ಒಂದೇ ಮಾತು. ಅವನು ಒಂದು ಕೆಂಪು ಬಂಡಿಯನ್ನು ಒಂದು ಮನೆ ಮುಂದಕ್ಕೆ ಸರಿಸಿ ದೀಪ ಆರಿಸಿದ.

ಮರುದಿನ ಸಂಜೆ ಬಂದು ನೋಡಿದರೆ ನೀಲಿ ಬಂಡಿಯೊಂದು ಹೊಳೆ ದಾಟಿತ್ತು.

ಹಾಗೆ ಶುರುವಾಯಿತು. ಸಂಜೆ ಅವನದೊಂದು ನಡೆ, ಬೆಳಿಗ್ಗೆ ಅವಳದೊಂದು ನಡೆ. ಮೇಜು ಆಟಕ್ಕೇ ಮೀಸಲಾಗಿ, ಊಟ ಅಡುಗೆಮನೆಯ ಕಟ್ಟೆಗೆ ಹೋಯಿತು. ಹಿಂದೆಲ್ಲ ಹೊಸ್ತಿಲ ಬಳಿ ಅವರು ಆಡುತ್ತಿದ್ದ ಮಾತು ಅಂದರೆ ಗ್ಯಾಸ್ ಬಂತು, ನೀರು ನಿಂತಿತು, ಕೊಡೆ ಒಯ್ಯಿ. ಈಗ ಅದರ ಜೊತೆ ಬೇರೆ ಮಾತೂ ಸೇರಿಕೊಂಡಿತು.

"ನಿನ್ನೆ ನನ್ನೂರಿಗೆ ಯಾಕೆ ಧಾನ್ಯ ಹಾಕ್ದೆ?"

"ಹಸಿದಿತ್ತು."

"ಅದು ಕೆಂಪೂರು ಕಣೇ. ನನ್ನದು. ಬಿದ್ರೆ ನಿನಗೆ ಲಾಭ."

"ಹಸಿವಿಗೆ ಬಣ್ಣ ಇರುತ್ತೇನ್ರಿ?" ಅವಳು ಆಕಳಿಸುತ್ತಾ ಕಾಲು ತೊಳೆಯಲು ಹೋಗುತ್ತಿದ್ದಳು. ಇಡೀ ರಾತ್ರಿ ವಾರ್ಡಿನಲ್ಲಿ ಯಾರು ಹೆಚ್ಚು ನರಳುತ್ತಾರೋ ಅವರ ಹಾಸಿಗೆಗೇ ಮೊದಲು ಓಡುವ ಕಾಲು, ಆಟದಲ್ಲೂ ಅತ್ತಲೇ ಓಡುತ್ತಿತ್ತು.

ಅವನದು ಇನ್ನೊಂದು ರೋಗ. ಕೆಂಪು ಬಂಡಿಗಳನ್ನೆಲ್ಲ ಅವನು ದಾರಿಯ ಪಕ್ಕದ ಹೊಲದಲ್ಲೋ ಕಾಡಿನಂಚಿನಲ್ಲೋ ನಿಲ್ಲಿಸುತ್ತಿದ್ದ. ಹೆದ್ದಾರಿ ಯಾವಾಗಲೂ ಖಾಲಿ. ಯಾರ್ಡಿನಲ್ಲಿ ಅವನು ಕಲಿತ ಮೊದಲ ಪಾಠ ಅದೇ ಆಗಿತ್ತು, ಮೇನ್ ಲೈನಿನ ಮೇಲೆ ಏನೂ ನಿಲ್ಲಬಾರದು. ಒಂದು ಖಾಲಿ ವ್ಯಾಗನ್ ಅಡ್ಡ ನಿಂತರೂ ಯಾರದೋ ಮನೆಯ ದೀಪ ಆರುತ್ತದೆ. ಅವನ ಕೈಯಿಂದ ಅಂಥದ್ದೊಂದು ಆಗಿರಲಿಲ್ಲ. ಆ ಪಾಠ ಮೈಗೆ ಎಷ್ಟು ಹತ್ತಿತ್ತೆಂದರೆ, ಓಣಿಯಲ್ಲಿ ಎದುರಿಗೆ ಯಾರಾದರೂ ಬಂದರೆ ಗೋಡೆಗೆ ಒರಗಿ ನಿಲ್ಲುತ್ತಿದ್ದ. ದೇವರ ಮುಂದೆ ನಿಂತಾಗಲೂ ಅವನು ಇಂಥದ್ದು ಬೇಕೆಂದು ಬೇಡಿದವನಲ್ಲ. ಕೈ ಮುಗಿದು, ನಿನಗೆ ಹೇಗೆ ಸರಿಯೋ ಹಾಗೆ ನಡೆಸಪ್ಪ ಎಂದು ಬದಿಗೆ ಸರಿದು ಬರುತ್ತಿದ್ದ.

ಹೀಗಾಗಿ ಆಟ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಯಾವ ಊರೂ ಬೀಳಲಿಲ್ಲ. ಯಾವ ಬಂಡಿಯೂ ಇನ್ನೊಂದಕ್ಕೆ ಎದುರಾಗಲಿಲ್ಲ.

ಶನಿವಾರ, ಅವನ ರಜದ ದಿನ, ಮಧ್ಯಾಹ್ನ ಬಾಮೈದ ಬಂದ. ಒಳಗೆ ಅಕ್ಕ ಮಲಗಿದ್ದಳು. ಮೇಜು ನೋಡಿ ಅವನ ಮುಖ ಅರಳಿತು. ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು ಸುತ್ತು ಬಂದು, ಬಗ್ಗಿ ನೋಡಿ, ಮೆಲ್ಲಗೆ ನಗತೊಡಗಿದ.

"ಭಾವ, ಇದೇನು ಆಟವೋ, ಅಕ್ಕಪಕ್ಕದ ಎರಡು ಆಫೀಸೋ?"

"ಯಾಕಪ್ಪ?"

"ಇಷ್ಟು ದಿನಕ್ಕೆ ನೀವಿಬ್ರೂ ಒಂದು ಸಲನಾದ್ರೂ ಡಿಕ್ಕಿ ಹೊಡೀಬೇಕಿತ್ತು. ನಡುವಿನ ಪುಟ ಓದ್ಲಿಲ್ವಾ?" ಪುಸ್ತಕ ತೆಗೆದು ಬೆರಳಿಟ್ಟು ತೋರಿಸಿದ. ಒಬ್ಬರ ಬಂಡಿ ಇನ್ನೊಬ್ಬರ ದಾರಿಯಲ್ಲಿ ನಿಂತರೆ ಆಟ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಇಬ್ಬರೂ ಎದುರುಬದುರು ಕೂತು ಮಾತಾಡಬೇಕು. ನೀನೇನು ಕೊಡುತ್ತೀ, ನಾನೇನು ಬಿಡುತ್ತೇನೆ ಎಂದು. ಒಪ್ಪಿಗೆಯಾದ ಮೇಲೆಯೇ ಬಂಡಿ ಅಲ್ಲಾಡುವುದು. "ನೋಡೋಕೆ ಇಷ್ಟೆಲ್ಲ ಗೋಜಲು ಇಟ್ಟಿರೋದೇ ಈ ಒಂದು ಪುಟಕ್ಕೋಸ್ಕರ ಭಾವ. ಇದೇ ಬಿಟ್ರೆ ಬರೀ ಕಾಳು ಎಣಿಸ್ತಾ ಕೂತ ಹಾಗೆ."

"ಓದಿದ್ವಿ. ಬಿಟ್ವಿ. ಇಬ್ರೂ ಒಟ್ಟಿಗೆ ಕೂರೋ ಹೊತ್ತೆಲ್ಲಿದೆ ಮಾರಾಯ?"

"ಹೊತ್ತಿನ ಮಾತಲ್ಲ ಬಿಡೋ." ದನಿ ಬಾಗಿಲಿಂದ ಬಂತು. ಹೆಂಡತಿ ಎದ್ದು ಬಂದು ಚೌಕಟ್ಟಿಗೆ ಒರಗಿದ್ದಳು. ದಿಂಬಿನ ಗೆರೆ ಕೆನ್ನೆಯ ಮೇಲೆ ಹಾಗೇ ಇತ್ತು. "ನಿಮ್ಮ ಭಾವನ ಜೊತೆ ಆಡೋದಂದ್ರೆ ಖಾಲಿ ರಸ್ತೇಲಿ ಒಬ್ಬಳೇ ನಡೆದ ಹಾಗೆ. ಎಲ್ಲಿ ಹೋಗ್ತೀನಿ ಅಂದ್ರೂ ದಾರಿ ಬಿಡ್ತಾರೆ."

ಅವಳು ಸಿಟ್ಟಿನಿಂದ ಹೇಳಿರಲಿಲ್ಲ. ಸಿಟ್ಟಿಗೆ ಬೇಕಾದ ಕಸುವೂ ಆ ದನಿಯಲ್ಲಿರಲಿಲ್ಲ. ಹೇಳಿ ಚಹಾಕ್ಕೆ ನೀರಿಡಲು ಹೋದಳು. ಬಾಮೈದ ಪುಸ್ತಕ ಮುಚ್ಚಿ, ಶಾಲೆಯ ಸುದ್ದಿ ತೆಗೆದ. ಅವನು ಹೊರಟು ನಿಂತಾಗ ಅಕ್ಕ ಮೆಲ್ಲಗೆ, ಸೋಮವಾರ ಬೆಳಿಗ್ಗೆ ಆ ದೊಡ್ಡಾಸ್ಪತ್ರೆಗೆ ಫೋನ್ ಮಾಡಿ ಹೇಳಿಬಿಡುತ್ತೇನೆ ಅಂದದ್ದು ಪಾಯಿಂಟ್ಸ್‌ಮನ್ನಿಗೆ ಕೇಳಿಸಿತು. ಏನೆಂದು ಹೇಳುತ್ತಾಳೆ ಎಂಬುದು ಕೇಳಿಸಲಿಲ್ಲ.

ಯಾರ್ಡಿನಲ್ಲಿ ಅವನ ಜೊತೆಗಾರನನ್ನು ಎಲ್ಲರೂ ಸೀಟಿ ಎಂದೇ ಕರೆಯುತ್ತಿದ್ದರು. ಮಾತಿಗೆ ಮುಂಚೆ ಅವನ ಬಾಯಿಂದ ಸಿಳ್ಳೆ ಬರುತ್ತಿತ್ತು. ಭಾನುವಾರ ಗೂಡ್ಸ್ ಗಾಡಿಯ ಬೋಗಿಗಳನ್ನು ಜೋಡಿಸಿ ಮುಗಿಸಿ, ಇಬ್ಬರೂ ಕ್ಯಾಬಿನ್ನಿನ ನೆರಳಲ್ಲಿ ಕೈಗೆ ಹತ್ತಿದ ಗ್ರೀಸು ಒರೆಸಿಕೊಳ್ಳುತ್ತಿದ್ದರು. ಹೇಳಬಾರದೆಂದುಕೊಂಡೇ ಅವನು ಎಲ್ಲ ಹೇಳಿದ. ಆಟ, ಹೆಂಡತಿಯ ಕೆಲಸ, ನಾಳೆಯ ಫೋನು.

"ಅವಳು ಹೋಗೋದು ನಿನಗೆ ಇಷ್ಟ ಇದೆಯೋ ಇಲ್ವೋ?" ಸೀಟಿ ಕೇಳಿದ.

"ನನ್ನ ಇಷ್ಟ ಎಲ್ಲಿ ಬಂತು. ಅವಳು ಇಷ್ಟು ವರ್ಷ ರಾತ್ರಿ ನಿದ್ದೆಗೆಟ್ಟಿದಾಳೆ. ಹಗಲು ಡ್ಯೂಟಿ ಸಿಕ್ರೆ ಬೇಡ ಅನ್ನೋಕೆ ನಾನ್ಯಾರು?"

"ನಾನು ಕೇಳಿದ್ದು ಅದಲ್ಲ."

ಪಾಯಿಂಟ್ಸ್‌ಮನ್ ಹಳಿಗಳ ಕಡೆ ನೋಡಿದ. ಬಿಸಿಲಿಗೆ ಅವು ನೀರಿನ ಹಾಗೆ ನಡುಗುತ್ತಿದ್ದವು.

"ನಿಂದು ಹುಟ್ಟುಗುಣ ಬಿಡು," ಸೀಟಿ ಅಂದ. "ಯಾರು ಬಂದ್ರೂ ಹಸಿರು ಬಾವುಟ. ಹೆಂಡತಿಗೂ ಅದೇ. ಗಾಡಿಗೆ ಹಸಿರು ತೋರಿಸಿದ್ರೆ ಅದಕ್ಕೆ ಖುಷಿ. ಹೆಂಗಸಿಗೆ ದಿನಾ ಹಸಿರೇ ತೋರಿಸ್ತಿದ್ರೆ, ಈ ಸ್ಟೇಷನ್ನಲ್ಲಿ ತನಗೆ ನಿಲ್ಲೋ ಹಾಗಿಲ್ಲ ಅಂದ್ಕೋತಾಳೆ." ಅಷ್ಟು ಹೇಳಿ ತನ್ನ ಜಾಣತನಕ್ಕೆ ತಾನೇ ನಾಚಿದವನಂತೆ ಒಂದು ಸಿಳ್ಳೆ ಹಾಕಿದ. "ನನ್ನ ಮಾತು ಕೇಳ್ಬೇಡ. ನನ್ನ ಮನೇಲಿ ದಿನಾ ಕೆಂಪು."

ಪಾಯಿಂಟ್ಸ್‌ಮನ್ ಗ್ರೀಸಿನ ಬಟ್ಟೆ ಮಡಚಿಟ್ಟು ಕೇಳಿದ. "ನಾಳೆ ಬೆಳಗಿನ ನನ್ನ ಕೆಲಸ ನೀನು ನೋಡ್ಕೋತೀಯ?"

"ಯಾಕೆ, ಮೈ ಸರಿಯಿಲ್ವಾ?"

"ಆಟ ಇದೆ."

ಸೀಟಿಯ ಬಾಯಿಂದ ಈ ಸಲ ಸಿಳ್ಳೆ ಬರಲಿಲ್ಲ. ಹೂಂ ಎಂದು ತಲೆಯಾಡಿಸಿದ.

ಅಂದು ಸಂಜೆ ಮನೆಗೆ ಬಂದಾಗ ಅವಳು ಆಗಲೇ ಹೊರಟುಹೋಗಿದ್ದಳು. ಒಳಕೋಣೆಯಲ್ಲಿ ಪೆಟ್ಟಿಗೆ ತೆರೆದಿತ್ತು. ಒಳಗೆ ಇನ್ನೂ ಏನೂ ತುಂಬಿರಲಿಲ್ಲ. ತಳಕ್ಕೆ ಹಾಸುವ ಕಾಗದ ಮಾತ್ರ ಹೊಸದಾಗಿತ್ತು. ಅವನು ಉಂಡು, ಪಾತ್ರೆ ತೊಳೆದಿಟ್ಟು, ಮೇಜಿನ ಮುಂದೆ ಕೂತ. ನೀಲಿ ಬಂಡಿಗಳು ಸಾಲಾಗಿ ಬೆಟ್ಟದ ಬುಡಕ್ಕೆ ಬಂದಿದ್ದವು. ಎರಡು ಗುಡ್ಡಗಳ ನಡುವಿನ ಕಣಿವೆ ದಾಟಿದರೆ ಎದುರಿಗೇ ಸಮುದ್ರ. ಅವಳು ನೋಡಿಕೊಂಡೇ ಬಂದಿದ್ದಳು, ಅಥವಾ ದಾರಿ ಖಾಲಿಯಿದ್ದುದರಿಂದ ಬಂಡಿಗಳೇ ಬಂದಿದ್ದವು. ಹತ್ತಿರದ ಹೊಲದಲ್ಲಿ ಅವನದೊಂದು ಕೆಂಪು ಬಂಡಿ ಎಂದಿನಿಂದಲೋ ನಿಂತಿತ್ತು. ಅದನ್ನೆತ್ತಿಕೊಂಡು ಕಣಿವೆಯ ಮೇಲೆ ಹಿಡಿದ. ಮರದ ಚೂರು ಅದು, ಹುಣಸೆಬೀಜದಷ್ಟು ಭಾರವಿಲ್ಲ. ಅದನ್ನು ಕೆಳಗಿಡಲು ಅವನ ಕೈ ಒಪ್ಪಲಿಲ್ಲ. ಒಮ್ಮೆ ಹೊಲಕ್ಕೇ ವಾಪಸು ಇಟ್ಟ. ಎದ್ದುಹೋಗಿ ನೀರು ಕುಡಿದು ಬಂದು ಮತ್ತೆ ಎತ್ತಿದ. ಕಡೆಗೆ ಕಣ್ಣು ಮುಚ್ಚಿಕೊಂಡು, ಯಾರನ್ನೋ ನೆನೆದು, ಕಣಿವೆಯ ನಟ್ಟನಡುವೆ ಇಟ್ಟ.

ಬೆಳಿಗ್ಗೆ ಬಾಗಿಲು ತೆರೆದವಳು ಮೇಜಿನ ಬಳಿ ಅವನನ್ನು ಕಂಡು ಹೊಸ್ತಿಲಲ್ಲೇ ನಿಂತಳು. ಮೈಯಿಂದ ಔಷಧಿಯ ವಾಸನೆ ಬರುತ್ತಿತ್ತು. ಕಣ್ಣ ಸುತ್ತ ಕಪ್ಪು.

"ಡ್ಯೂಟಿ ಇಲ್ವಾ?"

"ಸೀಟಿ ನೋಡ್ಕೋತಾನೆ."

"ಜ್ವರ ಏನಾದ್ರೂ..." ಅಭ್ಯಾಸಬಲದಿಂದ ಅವಳ ಕೈ ಅವನ ಹಣೆಯತ್ತ ಬಂತು. ಅಷ್ಟರಲ್ಲಿ ಮೇಜು ಕಣ್ಣಿಗೆ ಬಿತ್ತು. ಕೈ ಗಾಳಿಯಲ್ಲೇ ನಿಂತಿತು. "ಇದೇನಿದು ಇಲ್ಲಿ?"

"ನಿಂತಿದೆ."

"ನಾನು ಹೋಗೋ ದಾರಿ ಇದು."

"ಗೊತ್ತು. ಗೊತ್ತಿದ್ದೇ ನಿಲ್ಲಿಸಿದೀನಿ."

ಅವಳು ಮೇಜಿನ ಮೇಲೆ ಬಗ್ಗಿದಳು. ತುಂಬ ಹೊತ್ತು ನೋಡಿದಳು. ಬೆರಳು ಬೆಟ್ಟದ ಬಲಕ್ಕೆ ಹೋಗಿ, ಕಾಡು ಬಳಸಿ, ಎರಡು ಹೊಳೆ ದಾಟಿ, ಮೆಲ್ಲಗೆ ಸಮುದ್ರದ ಕಡೆ ನಡೆಯಿತು. "ಸುತ್ತು ಬಳಸಿ ಹೋದ್ರೆ ಇಲ್ಲೊಂದು ದಾರಿ ಇದೆ."

"ಹೂಂ, ಇದೆ. ಅಲ್ಲಿ ಹೋಗೋದಾದ್ರೆ ಯಾರನ್ನೂ ಕೇಳ್ಬೇಕಾಗಿಲ್ಲ. ಇಲ್ಲೇ ಹೋಗೋದಾದ್ರೆ ಕೂತು ಮಾತಾಡ್ಬೇಕು."

"ನಂಗೆ ತುಂಬ ಸುಸ್ತಾಗಿದೆ ರೀ."

"ನಂಗೂ."

ಹಿತ್ತಲ ಕಡೆ ಯಾರೋ ಬಕೆಟ್ಟಿಗೆ ನೀರು ಬಿಟ್ಟ ಸದ್ದಾಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಕುರ್ಚಿ ಎಳೆದು, ಎಷ್ಟೋ ದಿನದಿಂದ ನಿಂತೇ ಇದ್ದವಳ ಹಾಗೆ, ಮೆಲ್ಲಗೆ ಇಳಿದು ಕೂತಳು.

"ಏನು ಕೊಡ್ತೀರಿ?" ಕೇಳಿದಳು.

"ನೀನೇನು ಕೇಳ್ತೀಯ?"

ಅವಳು ಯೋಚಿಸುತ್ತಾ ಎಡಗೈಯ ಗಡಿಯಾರದ ಪಟ್ಟಿ ಬಿಚ್ಚಿದಳು. ಮಣಿಕಟ್ಟಿನ ಮೇಲೆ ಅದರ ಬಿಳಿಯ ಗುರುತು ಉಳಿದಿತ್ತು. ಗಡಿಯಾರವನ್ನು ಮುಖ ಕೆಳಗೆ ಮಾಡಿ ನೀಲಿ ಸಮುದ್ರದ ಮೇಲಿಟ್ಟು, ಆ ಗುರುತನ್ನು ಹೆಬ್ಬೆರಳಿನಿಂದ ಮೆಲ್ಲಗೆ ಉಜ್ಜಿಕೊಳ್ಳತೊಡಗಿದಳು.