ಚರ್ಚಿನ ಬಾಗಿಲಿಗೆ ಬೆಣ್ಣೆ

"ಕೋಟಿನೊಳಗೇನೇ ಅದು?" ಎಂದು ನೀಲಾಸ್ ತಂಗಿಗೆ ಅಡ್ಡ ನಿಂತ. ಊರಿಗೇ ಎತ್ತರದ ಆಳು, ನಿಂತರೆ ಬಾಗಿಲೇ ಮುಚ್ಚಿಹೋಗುತ್ತಿತ್ತು.

ರಿಸ್ತೆನ್ ಡಬ್ಬಿಯನ್ನು ಎದೆಗೆ ಇನ್ನಷ್ಟು ಒತ್ತಿಕೊಂಡಳು. ಆ ಚಳಿಯಲ್ಲಿ ಮೈಶಾಖ ತಾಗದಿದ್ದರೆ ಬೆಣ್ಣೆ ಕಲ್ಲಾಗುತ್ತದೆ, ಹಚ್ಚಲು ಬರುವುದಿಲ್ಲ.

"ಬೆಣ್ಣೆ. ಚರ್ಚಿನ ಬಾಗಿಲಿಗೆ."

"ತಲೆ ಕೆಟ್ಟಿದ್ಯಾ? ಮನೆ ಬಾಗಿಲಿಗೆ ಎಷ್ಟು ಬೇಕಾದ್ರೂ ಹಚ್ಕೋ. ನಾನು ಆ ಚರ್ಚಿನ ಹಿರಿಯ ಕಣೇ. ಪಾದ್ರಿ ಮುಂದೆ ಮಾನ ಕಳೀಬೇಡ."

"ಅಣ್ಣಾ, ಇವತ್ತು ಬೇಯ್ವಿ ತಾಯಿ ಬರೋ ದಿನ. ಅಮ್ಮನ ಶವಪೆಟ್ಟಿಗೆ ಆ ಬಾಗಿಲು ದಾಟೋ ಹೊತ್ತಿಗೇ ಅವಳೂ ಗುಡ್ಡದಾಚೆಯಿಂದ ಇಣುಕ್ತಾಳೆ. ಒಂದು ವರ್ಷಾನೂ ಅವಳನ್ನ ಉಪವಾಸ ಕೆಡವದ ಅಮ್ಮನ್ನ ಬರೀ ಬಾಗಿಲಿಂದ ಕಳಿಸೋದಾ?"

ನೀಲಾಸ್ ಡಬ್ಬಿ ಕಿತ್ತುಕೊಂಡು ತನ್ನ ಜೇಬಿಗೆ ಇಳಿಸಿದ. ರಿಸ್ತೆನ್‌ಗೆ ಅಳುವಿಗಿಂತ ಸಿಟ್ಟೇ ಹೆಚ್ಚು ಬಂತು.

* * *

ಉತ್ತರ ತುದಿಯ ಆ ಹಿಮನಾಡಿನಲ್ಲಿ ಸೂರ್ಯ ಗಂಡಸಲ್ಲ, ತಾಯಿ, ಬೇಯ್ವಿ. ನವೆಂಬರಿನಲ್ಲಿ ಮುಳುಗಿದವಳು ಜನವರಿಯಲ್ಲಿ ಹಸಿದು, ಸೊರಗಿ ಮರಳುತ್ತಾಳೆ. ಅವಳಿಗೆಂದು ಬಾಗಿಲ ಚೌಕಟ್ಟಿಗೆ ಬೆಣ್ಣೆ. ನೀಲಾಸ್ ಇನ್ನೂ ಹುಡುಗ; ಹಳೆಯ ಪೂಜೆ ಬಿಡಿಸುವ ಚರ್ಚಿನ ಬೋಧಕರ ಭಯಕ್ಕೆ ಊರಿನ ಹೆಂಗಸರೆಲ್ಲ ಕದದ ಒಳಮಗ್ಗುಲಿಗೆ ಕದ್ದು ಹಚ್ಚುತ್ತಿದ್ದ ಕಾಲ. ಅವನ ಅಮ್ಮ ರಾವ್ದ್ನಾ ಮಾತ್ರ ಹೊರಗೇ ಹಚ್ಚುವಳು. ಹಿಮಸಾರಂಗದ ಚರ್ಮದಲ್ಲಿ ಜೋಡು ಹೊಲಿದು ಬದುಕಿದ ಕುಳ್ಳಿ ಅವಳು. ಮಗನನ್ನು ಹೆಗಲ ಮೇಲೆ ಹತ್ತಿಸಿಕೊಂಡು, "ಮೇಲೆ ಹಚ್ಚೋ ನೀಲಾಸ್, ಇನ್ನೂ ಮೇಲೆ. ಅವಳ ಕಣ್ಣು ಮೊದಲು ಬೀಳೋದು ಅಲ್ಲಿಗೇ" ಎನ್ನುವಳು.

ಒಂದು ವರ್ಷ ಬೋಧಕ ಮನೆಗೇ ಬಂದ. ಚೌಕಟ್ಟು ಹಿಡಿದ ಕೈ ಜಿಡ್ಡಾಯಿತು.

"ಏನಮ್ಮಾ ಇದು ಹಳೇ ಕೊಳಕು?" ಎಂದು ಕರವಸ್ತ್ರದಿಂದ ಎಲ್ಲ ಒರೆಸಿದ.

ರಾವ್ದ್ನಾ ಕಾಫಿ ಕೊಟ್ಟಳು, ಒಣ ರೊಟ್ಟಿ ಇಟ್ಟಳು.

"ಬೆಣ್ಣೆ ಇಲ್ವಾ?"

"ನಿಮ್ಮ ಪಾಲಿಂದು ಆಗ್ಲೇ ಒರೆಸಿಕೊಂಡ್ರಲ್ಲ ಸ್ವಾಮಿ. ಉಳಿದಿರೋದು ಅವಳದ್ದು."

ಅವನು ನೋಡುತ್ತಿದ್ದಂತೆಯೇ ಎದ್ದುಹೋಗಿ ಮತ್ತೆ ಹಚ್ಚಿದಳು. ಮರುವರ್ಷ ಊರಿನ ಅಷ್ಟೂ ಬಾಗಿಲುಗಳ ಹೊರಮಗ್ಗುಲು ಮಿರುಗಿತು.

* * *

ಚರ್ಚಿನಲ್ಲಿ ಪಕ್ಕದ ಮನೆಯ ಸಿಗ್ಗಜ್ಜಿ ರಿಸ್ತೆನ್‌ಳನ್ನು ಮೊಣಕೈಯಿಂದ ತಿವಿದಳು.

"ಬೆಣ್ಣೆ ಎಲ್ಲೇ?"

"ಅಣ್ಣ ಕಿತ್ಕೊಂಡ."

"ಅವನ ಮೂತಿಗಿಷ್ಟು! ನಿನ್ನೊಬ್ಬಳ ಮನೇಲೇ ಬೆಣ್ಣೆ ಇರೋದು ಅಂದ್ಕೊಂಡ್ಯಾ?"

ಅಜ್ಜಿ ಜೋರಾಗಿ ಕೆಮ್ಮಿ ಹೊರಗೆ ಹೋದಳು. ಬಂದು ಕೂತದ್ದೇ ತಡ, ಇನ್ನೊಬ್ಬಳಿಗೆ ಕೆಮ್ಮು ಬಂತು. ಆಮೇಲೆ ಮತ್ತೊಬ್ಬಳಿಗೆ. ಅಷ್ಟು ಕೆಮ್ಮು ಆ ಊರು ಕಂಡಿರಲಿಲ್ಲ. ಕೊನೆಯ ಹಾಡಿಗೆ ನೀಲಾಸ್ ತಾನೂ ಎದ್ದು ಹೊರಗೆ ನಡೆದ. ಒರೆಸಲು ಹೋದ ಎಂದುಕೊಂಡಳು ರಿಸ್ತೆನ್. ಅವನು ಗಂಟುಮುಖದಲ್ಲೇ ಮರಳಿ ಬಂದು ಪೆಟ್ಟಿಗೆಯ ತಲೆಭಾಗಕ್ಕೆ ಹೆಗಲು ಕೊಟ್ಟ.

ಹೊರಗೆ ಪೆಟ್ಟಿಗೆಯನ್ನು ಜಾರುಬಂಡಿಯ ಮೇಲಿಟ್ಟು ಎಲ್ಲರೂ ಗುಡ್ಡದ ಕಡೆ ನೋಡುತ್ತ ನಿಂತರು. ರಿಸ್ತೆನ್ ಮಾತ್ರ ಹಿಂದಿರುಗಿ ಬಾಗಿಲು ನೋಡಿದಳು. ಚೌಕಟ್ಟಿನ ಎರಡೂ ಕಡೆ, ಹೆಂಗಸರ ಕೈ ಎಟುಕುವಷ್ಟು ಎತ್ತರಕ್ಕೆ ದಪ್ಪಗೆ ಬೆಣ್ಣೆ ಮೆತ್ತಿತ್ತು. ಯಾರೂ ಒರೆಸಿರಲಿಲ್ಲ. ತಾಯಿಯ ಬಗ್ಗೆ ಅವಳಿಗೆ ಹೆಮ್ಮೆ ಉಕ್ಕಿ ಬಂತು.

"ಬಂದ್ಲು, ಬಂದ್ಲು!" ಎಂದು ಸಿಗ್ಗಜ್ಜಿ ಕೂಗಿದಳು.

ಮೊದಲ ಬಿಸಿಲು ಗೋಪುರದಿಂದ ಇಳಿದು ಚೌಕಟ್ಟಿನ ನೆತ್ತಿಗೆ ತಾಗಿತು. ಅಲ್ಲಿ, ಯಾವ ಹೆಂಗಸಿನ ಕೈಗೂ ಸಿಗದ ಎತ್ತರದಲ್ಲಿ, ಅಗಲವಾದ ನಾಲ್ಕು ಬೆರಳು ಎಳೆದ ಬೆಣ್ಣೆಯ ಗುರುತು ಹೊಳೆಯಿತು.